ಗುಂಯ್ ಅನ್ನುತ್ತಿದ್ದ ಪೆಟ್ಟಿಗೆ

“ಅದೇ! ಅದೇ ಸದ್ದು! ಆಫ್ ಮಾಡಿ ತಾಯೀ, ತಲೆ ಸಿಡಿದುಹೋಗುತ್ತೆ!”

ನರ್ಸಮ್ಮ ಎರಡೂ ಕಿವಿ ಮುಚ್ಚಿಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು. ಠಾಣೆಯ ಹಿಂದಿನ ಕೋಣೆಯಲ್ಲಿ, ಮೇಜಿನ ಮೇಲೆ ಮೇಷ್ಟ್ರ ಟೇಪ್ ರೆಕಾರ್ಡರಿನ ಪಕ್ಕ ಅವರ ಆಂಪ್ಲಿಫೈಯರು ಹೊಟ್ಟೆ ಬಿಚ್ಚಿಕೊಂಡು ಕೂತಿತ್ತು. ಗೋಡೆಗೊರಗಿಸಿದ್ದ ಸ್ಪೀಕರಿನಿಂದ ಗುಂಯ್ ಎಂಬ ಸದ್ದು ಒಂದೇ ಸಮನೆ ಹೊರಡುತ್ತಿತ್ತು. ಕಿಟಕಿಯ ಪಕ್ಕ ಹೆಡ್ ಕಾನ್‌ಸ್ಟೇಬಲ್ಲು ಒಣಹಾಕಿದ್ದ ಟವೆಲ್ಲು ಗಾಳಿಗೆ ಅಲ್ಲಾಡುತ್ತಿತ್ತು.

ಇನ್‌ಸ್ಪೆಕ್ಟರಮ್ಮ ಸ್ವಿಚ್ ಆರಿಸಿದಳು.

ಹೆಸರಿಗೆ ಇನ್‌ಸ್ಪೆಕ್ಟರಮ್ಮ, ಆದರೆ ಪೊಲೀಸಿನವಳಲ್ಲ. ಕರೆಂಟ್ ಇಲಾಖೆಯವಳು. ಕರೆಂಟ್ ಹೊಡೆದು ಯಾರೇ ಸತ್ತರೂ ಹೇಗೆ ಸತ್ತರು ಎಂದು ಹೇಳುವುದು ಅವಳ ಕೆಲಸ. ಮೇಷ್ಟ್ರು ತಾವೇ ಕೂತು ಕಟ್ಟಿದ ಈ ಪೆಟ್ಟಿಗೆಯ ಮೇಲೆ ಕೈಯಿಟ್ಟು ಸತ್ತಿದ್ದರು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ, ಪ್ಲಗ್ಗಿನೊಳಗಿನ ಅರ್ತ್ ವಯರು ಕತ್ತರಿಸಿ ಮನೆಯಳಿಯನೇ ಅವರನ್ನು ಕೊಂದ ಎಂದು ಇವಳು ವರದಿ ಕೊಟ್ಟಿದ್ದಳು. ಅಳಿಯ ಲಾಕಪ್ಪಿನಲ್ಲಿದ್ದ. ನಾಳೆ ಅವನನ್ನು ಮತ್ತೆ ಕೋರ್ಟಿಗೆ ಒಯ್ಯುವವರಿದ್ದರು.

ಇವತ್ತು ಅವಳು ಪೆಟ್ಟಿಗೆ ಬಿಚ್ಚಿ ಕೂತದ್ದು ಬೇರೇನಕ್ಕೂ ಅಲ್ಲ. ಅರ್ತ್ ಇದ್ದಾಗ ಹೀಗೆ, ಇಲ್ಲದಾಗ ಹೀಗೆ ಅಂತ ಕೋರ್ಟಿನಲ್ಲಿ ತೋರಿಸುವ ಮೊದಲು ಒಂದು ಸಲ ಮಾಡಿ ನೋಡೋಣ ಎಂದು. ಮೇಷ್ಟ್ರ ಕೆಳಮನೆಯ ನರ್ಸಮ್ಮ ಬಂದದ್ದೂ ಅಷ್ಟೇ, ಮಹಜರಿಗೆ ಬಿಟ್ಟುಹೋಗಿದ್ದ ಒಂದು ಸಹಿ ಹಾಕಿ ಹೋಗಲು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಕಣ್ಣು ಇನ್ನೂ ಕೆಂಪಗಿತ್ತು.

“ಮತ್ತೊಂದು ಸಲ ಕೇಳ್ತೀರಾ, ನರ್ಸಮ್ಮ?”

“ಬೇಡ ಅಂದ್ರೆ ಬಿಡ್ತೀರಾ?”

ಇನ್‌ಸ್ಪೆಕ್ಟರಮ್ಮ ಪೆಟ್ಟಿಗೆಗೆ ಕಚ್ಚಿಸಿದ್ದ ಅರ್ತ್ ಕ್ಲಿಪ್ಪು ತೆಗೆದು ಸ್ವಿಚ್ ಹಾಕಿದಳು. ಸದ್ದೇ ಇಲ್ಲ. ಕ್ಲಿಪ್ಪು ಕಚ್ಚಿಸಿದಳು. ಗುಂಯ್!

“ಇದೇನಿದು ಮಾಟಾನಾ?” ಎಂದಳು ನರ್ಸಮ್ಮ.

“ಮಾಟ ಅಲ್ಲ. ಈ ಆಂಪ್ಲಿಫೈಯರಿಂದ ನೆಲಕ್ಕೆ ಒಂದು ವಯರು. ಪಕ್ಕದ ಟೇಪ್ ರೆಕಾರ್ಡರಿಂದ ನೆಲಕ್ಕೆ ಇನ್ನೊಂದು. ಇವೆರಡರ ನಡುವೆ ಹಾಡು ಬರೋ ವಯರು. ಒಂದು ಸುತ್ತು ಆಯ್ತಲ್ಲ? ಆ ಸುತ್ತಲ್ಲಿ ಬೇಡದ ಕರೆಂಟು ಅಡ್ಡಾಡುತ್ತೆ. ಅದೇ ಸ್ಪೀಕರಲ್ಲಿ ಗುಂಯ್ ಅನ್ನೋದು. ಒಂದು ಕಡೆ ಅರ್ತ್ ಕಿತ್ತುಬಿಟ್ರೆ ಸುತ್ತು ಮುರೀತು, ಸದ್ದು ಹೋಯ್ತು. ಆದ್ರೆ ಅದರ ಜೊತೆ ಕಾವಲೂ ಹೋಯ್ತು.”

ಬಾಗಿಲಿಗೊರಗಿ ಚಹಾ ಹೀರುತ್ತಿದ್ದ ಹೆಡ್ಡು ತಲೆದೂಗಿದ. “ಅಂದ್ರೆ ಗುಂಯ್ ಅಂತಿದ್ರೆ ಕಾವಲುಗಾರ ಎಚ್ಚರ ಇದಾನೆ ಅಂತ. ನಮ್ಮ ಠಾಣೇಲಿ ಗೊರಕೆ ಹೊಡೆದ್ರೆ ಕಾವಲುಗಾರ ಇದಾನೆ ಅಂತ ಗೊತ್ತಾಗೋ ಹಾಗೆ.”

ನರ್ಸಮ್ಮ ನಗಲಿಲ್ಲ. ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟಳು.

“ಹಾಗಾದ್ರೆ ಮೇಷ್ಟ್ರು ಹೋದ ದಿನ ಕಾವಲುಗಾರ ಎಚ್ಚರವಾಗೇ ಇದ್ದನಲ್ಲ, ಮೇಡಂ.”

“ಏನಂದ್ರಿ?”

“ಹಗಲು ಮಲಗೋಳು ನಾನು. ಈ ಪೆಟ್ಟಿಗೆ ಯಾವಾಗ ಗುಂಯ್ ಅಂತು, ಯಾವಾಗ ಬಾಯಿ ಮುಚ್ಕೊಳ್ತು ಅಂತ ನನ್ನ ಬಿಟ್ಟು ಇನ್ಯಾರನ್ನ ಕೇಳ್ತೀರಿ? ಮೇಲೆ ಹೋಗಿ ಎಷ್ಟು ಸಲ ಜಗಳ ಆಡಿದೀನೋ ಲೆಕ್ಕ ಇಲ್ಲ. ಆಮೇಲೆ ಒಂದು ದಿನ ಇದ್ದಕ್ಕಿದ್ದ ಹಾಗೆ ನಿಂತುಹೋಯ್ತು. ಮೇಷ್ಟ್ರೇ ಮೆಟ್ಟಿಲು ಇಳಿದು ಬಂದು, ‘ನೋಡಮ್ಮ, ನಿನ್ನ ನಿದ್ದೆಗೋಸ್ಕರ ಮದ್ದು ಮಾಡಿದೀನಿ’ ಅಂತ ಹೇಳಿ ಹೋದ್ರು. ಅಳಿಯ ಆಗ ಊರಲ್ಲೇ ಇರ್ಲಿಲ್ಲ. ಮೈಕ್‌ಸೆಟ್ ತಗೊಂಡು ಎಲ್ಲಿಗೋ ಹೋಗಿದ್ದ.”

ಇನ್‌ಸ್ಪೆಕ್ಟರಮ್ಮನ ಕೈ ಸ್ವಿಚ್ಚಿನ ಮೇಲೇ ನಿಂತಿತು.

“ನಾನು ನೆಮ್ಮದಿಯಾಗಿ ಮಲಗ್ತಿದ್ದೆ,” ನರ್ಸಮ್ಮ ಮುಂದುವರಿಸಿದಳು. “ಅವರು ಹೋದ ದಿನ ಬೆಳಗ್ಗೆ ಮತ್ತೆ ಶುರುವಾಯ್ತು ನೋಡಿ. ಅಯ್ಯೋ ಶನಿ ಬಿಡಲ್ಲಪ್ಪಾ ಅಂತ ಬೈಕೊಂಡು ಹೊದ್ದು ಮಲಗಿದ್ದೆ. ಮಧ್ಯಾಹ್ನ ಮೇಷ್ಟ್ರ ಮಗಳು ಕಿರುಚಿದ್ದು ಕೇಳಿ ಓಡಿದೆ. ಆಗಲೂ ಗುಂಯ್ ಅಂತಾನೇ ಇತ್ತು. ನಿಮ್ಮೋರು ಬಂದು ಪ್ಲಗ್ ಎಳೆಯೋವರೆಗೂ ಇತ್ತು.”

“ಇದನ್ನ ಯಾಕೆ ಯಾರಿಗೂ ಹೇಳ್ಲಿಲ್ಲ?”

“ಯಾರು ಕೇಳಿದ್ರು?”

ಕೇಳಬೇಕಾಗಿದ್ದವಳು ಇನ್‌ಸ್ಪೆಕ್ಟರಮ್ಮನೇ. ಕೆಳಮನೆಯವಳು, ಸದ್ದಿಗೆ ಜಗಳ ತೆಗೆಯುವ ಹೆಂಗಸು, ಅವಳ ಹತ್ತಿರ ಏನಿರುತ್ತೆ ಎಂದು ಬಿಟ್ಟುಬಿಟ್ಟಿದ್ದಳು. ನಾಚಿಕೆ ಕಿವಿಯ ತುದಿಯಲ್ಲಿ ಶುರುವಾಗಿ ಕತ್ತಿಗಿಳಿಯಿತು.

ಆಂಪ್ಲಿಫೈಯರನ್ನು ತಿರುಗಿಸಿ ಬೆನ್ನು ನೋಡಿದಳು. ಇಡೀ ಪೆಟ್ಟಿಗೆಗೆ ಮೇಷ್ಟ್ರು ಕೆಂಪು ಬಣ್ಣ ಬಳಿದಿದ್ದರು. ಮೂಲೆಯ ಒಂದು ಸ್ಕ್ರೂವಿನ ಸುತ್ತ ಮಾತ್ರ ಬಣ್ಣ ಕೆರೆದು, ತಗಡು ಬಳೆಯಾಕಾರದಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ವಾರದಿಂದ ಕಣ್ಣೆದುರಿಗೇ ಇದ್ದ ಗುರುತು. ಬಣ್ಣ ಕಿತ್ತುಬಂದಿದೆ ಎಂದುಕೊಂಡು ದಾಟಿಹೋಗಿದ್ದಳು.

ಕಿತ್ತುಬಂದ ಬಣ್ಣ ಇಷ್ಟು ದುಂಡಗೆ ಕಿತ್ತುಬರುವುದಿಲ್ಲ. ಯಾರೋ ಕೂತು ಚಾಕುವಿನಿಂದ ಕೆರೆದಿದ್ದರು. ವಯರಿನ ತುದಿ ತಗಡಿಗೆ ಸರಿಯಾಗಿ ಕಚ್ಚಲಿ ಎಂದು ಕೆರೆದಿದ್ದರು. ಕೊಲ್ಲಲು ಬಂದವನು ಇಂಥ ಕೆಲಸ ಮಾಡುತ್ತಾನೆಯೇ?

“ಇಲ್ಲಿ ಒಂದು ವಯರಿತ್ತು,” ಎಂದಳು. “ಪ್ಲಗ್ಗಿನೊಳಗೆ ಕತ್ತರಿಸಿದ್ದಕ್ಕೆ ಬದಲಿಗೆ ಯಾರೋ ಹಿಂದಿನಿಂದ ಬೇರೆ ಅರ್ತ್ ಕೊಟ್ಟಿದ್ರು. ಎಲ್ಲಿ ಹೋಯ್ತು ಅದು? ಹೆಡ್ ಅವರೇ, ಪೆಟ್ಟಿಗೆ ತಂದೋರು ನೀವಲ್ವಾ? ಆವತ್ತು ಇಲ್ಲಿ ವಯರೇನಾದ್ರೂ ನೋಡಿದ್ರಾ?”

ಹೆಡ್ಡು ಚಹಾ ಲೋಟ ಕಿಟಕಿಯ ಕಟ್ಟೆಯ ಮೇಲಿಟ್ಟ. ಅವನ ಮುಖ ಒಂದು ಥರಾ ಆಯಿತು.

“ಹಸಿರು ವಯರಾ, ಮೇಡಂ?”

“ಹಸಿರೇ ಇರ್ಬೇಕು.”

ಅವನು ಮೆಲ್ಲಗೆ ಹೋಗಿ ಟವೆಲ್ಲನ್ನು ತೆಗೆದು ಹೆಗಲ ಮೇಲೆ ಹಾಕಿಕೊಂಡ. ಟವೆಲ್ಲಿನ ಕೆಳಗೆ, ಕಿಟಕಿಯ ಸರಳಿನಿಂದ ಬೀರುವಿನ ಹಿಡಿಕೆಯವರೆಗೆ ಬಿಗಿದಿದ್ದ ಹಸಿರು ವಯರು ಕಂಡಿತು.

“ಅದು ಪೆಟ್ಟಿಗೆ ಹಿಂದೆ ಇತ್ತು, ಇನ್ನೊಂದು ತುದಿ ಗೋಡೆ ಬೋರ್ಡಿಗೆ ಸಿಕ್ಕಿಸಿದ್ರು. ಪೆಟ್ಟಿಗೆ ಎತ್ತೋಕೆ ಬಿಡ್ತಿರ್ಲಿಲ್ಲ, ಬಿಚ್ಚಿದೆ. ಅಷ್ಟರಲ್ಲಿ ನೀವು ಬಾಗಿಲಿಂದಾನೇ ಕೂಗಿದ್ರಿ, ‘ಏನಾದ್ರೂ ತಗೊಂಡು ಎರಡೂ ಪೆಟ್ಟಿಗೆ ಸೇರಿಸಿ ಬಿಗಿಯಾಗಿ ಕಟ್ರೀ’ ಅಂತ. ಕೈಯಲ್ಲಿ ಅದೇ ಇತ್ತು. ಕಟ್ಟಿದೆ. ಇಲ್ಲಿಗೆ ಬಂದ್ಮೇಲೆ ನೀವೇ ಬಿಚ್ಚಿ ಮೂಲೆಗೆ ಎಸೆದ್ರಿ. ಒಳ್ಳೆ ವಯರು, ವೇಸ್ಟ್ ಆಗುತ್ತಲ್ಲ ಅಂತ ನಾನು…”

“ಟವೆಲ್ ಒಣಗಿಸೋಕೆ ಕಟ್ಟಿದ್ರಿ.”

“ಹೂಂ ಮೇಡಂ.”

ಇನ್‌ಸ್ಪೆಕ್ಟರಮ್ಮ ವಯರು ಬಿಚ್ಚಿಕೊಂಡಳು. ತುದಿಯಲ್ಲಿ ಬೆಸುಗೆ ಹಾಕಿ ಕೂರಿಸಿದ್ದ ದುಂಡು ಬಿಲ್ಲೆ. ಬಿಲ್ಲೆಯ ಅಂಚಿಗೆ ಕೆಂಪು ಬಣ್ಣದ ಒಂದು ಚೂರು. ಸ್ಕ್ರೂವಿಗೆ ಹಿಡಿದರೆ ಗುರುತಿನ ಮೇಲೆ ಸರಿಯಾಗಿ ಕೂತಿತು.

ಹೆಡ್ಡನ್ನು ಬೈಯಬೇಕೆನಿಸಿತು. ಆದರೆ ಯಾವ ಬಾಯಿಂದ ಬೈಯುವುದು? ಕಟ್ಟಿ ಎಂದು ಕೂಗಿದವಳು ತಾನು. ಬಿಚ್ಚಿ ಎಸೆದವಳು ತಾನು. ವಾರಪೂರ್ತಿ ಈ ಟವೆಲ್ಲಿನ ಕೆಳಗೆ ಬಗ್ಗಿ ಓಡಾಡಿದವಳೂ ತಾನೇ.

“ಕಾಗದದಲ್ಲಿ ಬರೆಯೋದು ಬೇಡ ಅಲ್ವಾ ಮೇಡಂ, ಟವೆಲ್ ವಿಷ್ಯ?” ಹೆಡ್ಡು ಮೆಲ್ಲಗೆ ಕೇಳಿದ.

“ಎಲ್ಲಾನೂ ಬರೀತೀನಿ. ನನ್ನ ಹೆಸರು ಮೊದಲು, ನಿಮ್ಮ ಟವೆಲ್ ಆಮೇಲೆ.”

ನರ್ಸಮ್ಮ ಇನ್ನೂ ಹೋಗಿರಲಿಲ್ಲ. “ಮತ್ತೊಂದು ಮಾತು. ನಾನು ಹೋದಾಗ ಮೇಷ್ಟ್ರು ಮೇಜಿನ ಮೇಲೆ ಕವುಚಿ ಬಿದ್ದಿದ್ರು. ಎಡಗೈ ಈ ಪೆಟ್ಟಿಗೆ ಮೇಲೇ ಇತ್ತು. ಇದು ಗುಂಯ್ ಅಂತಾನೇ ಇತ್ತು. ನಾನು ಅವರನ್ನ ತಬ್ಬಿ ಎಳೆದು ನೆಲದ ಮೇಲೆ ಮಲಗಿಸಿ ಎದೆ ಒತ್ತಿದೆ. ಪೆಟ್ಟಿಗೇಲಿ ಕರೆಂಟಿದ್ದಿದ್ರೆ ನನಗೂ ಹೊಡೀಬೇಕಿತ್ತಲ್ಲ? ಸುಮ್ನೆ ಕೇಳ್ತಿದೀನಿ. ನಿಮ್ಮ ವಿದ್ಯೆ ನನಗೆ ಗೊತ್ತಿಲ್ಲ.”

“ಹೊಡೀಬೇಕಿತ್ತು,” ಎಂದಳು ಇನ್‌ಸ್ಪೆಕ್ಟರಮ್ಮ. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

“ಬಲಗೈ ಬೆರಳೂ ಸುಟ್ಟಿತ್ತು. ನೋಡಿದ್ರಲ್ಲ?”

ನೋಡಿದ್ದಳು. ಎಡ ಅಂಗೈಯ ಗುರುತನ್ನು ಬರೆದುಕೊಂಡು, ಬಲಗೈ ಬೆರಳಿನದನ್ನು ಬಿಟ್ಟಿದ್ದಳು. ಬೆಸುಗೆ ಹಾಕುವವರ ಬೆರಳು ಸುಡುವುದು ಇದ್ದದ್ದೇ, ಹಳೆಯ ಗಾಯ ಎಂದು.

“ಬೆಸುಗೆ ಕಡ್ಡಿ ತಾಗಿದ್ರೆ ಕೆಂಪಾಗಿ ಬೊಬ್ಬೆ ಏಳುತ್ತೆ,” ನರ್ಸಮ್ಮ ಎಂದಳು. “ಇದು ಬೆಳ್ಳಗೆ, ಒಳಕ್ಕೆ ಕುಸಿದ ಹಾಗಿತ್ತು. ಎರಡು ಕೈಗೂ ಒಂದೇ ಥರದ್ದು.” ಸಹಿ ಹಾಕಿ, ಚೀಲ ಎತ್ತಿಕೊಂಡು ಅವಳು ನಿದ್ದೆಗೆ ಹೋದಳು.

ಇನ್‌ಸ್ಪೆಕ್ಟರಮ್ಮ ಕರೆಂಟು ಸೋರುತ್ತದೆಯೇ ಎಂದು ಅಳೆಯುವ ಮೆಗ್ಗರು ತೆಗೆದು, ಮೊದಲ ದಿನವೇ ಮಾಡಬೇಕಾಗಿದ್ದ ಪರೀಕ್ಷೆಯನ್ನು ಈಗ ಮಾಡಿದಳು. ಒಳಗಿನ ಕರೆಂಟಿಗೂ ಹೊರಗಿನ ತಗಡಿಗೂ ಎಲ್ಲೂ ಸಂಬಂಧವಿಲ್ಲ. ಮುಳ್ಳು ಅಲ್ಲಾಡಲಿಲ್ಲ. ಮೇಷ್ಟ್ರು ಕಟ್ಟಿದ ಪೆಟ್ಟಿಗೆ ಅಪರಂಜಿಯಾಗಿತ್ತು. ಮೊದಲ ದಿನ ಠಾಣೆಗೆ ತಂದು ಟೆಸ್ಟರು ಹಚ್ಚಿದಾಗ ಮಿಣುಕಿದ್ದನ್ನೇ ನೋಡಿ ಅವಳು ತೀರ್ಮಾನ ಮಾಡಿದ್ದಳು. ಅರ್ತ್ ಇಲ್ಲದ ಇಂಥ ಯಾವ ತಗಡಿನ ಪೆಟ್ಟಿಗೆಗೆ ಹಚ್ಚಿದರೂ ಟೆಸ್ಟರು ಅಷ್ಟು ಮಿಣುಕುತ್ತದೆ. ಅದರಿಂದ ಮನುಷ್ಯ ಸಾಯುವುದಿಲ್ಲ. ಇದು ಇಲಾಖೆಗೆ ಹೊಸದಾಗಿ ಸೇರಿದವರಿಗೂ ಗೊತ್ತು.

ಆ ಮಿಣುಕನ್ನು ನಂಬಿ ಅವಳು ಏನೆಲ್ಲ ಮಾಡಿಬಿಟ್ಟಿದ್ದಳು! ಮತ್ತೆ ಅಲ್ಲಿಗೆ ಹೋಗಿ, ಸಾವಿನ ಮನೆಗೆ ಬಂದವರೆಲ್ಲ ನಡುಮನೆಯಲ್ಲಿ ಕೂತಿದ್ದಾಗ, ಟೆಸ್ಟರನ್ನು ಬೆತ್ತದ ಹಾಗೆ ಹಿಡಿದು, “ಈ ಕೆಲಸ ಗೊತ್ತಿರೋನು ಈ ಮನೇಲಿ ಇನ್ನೊಬ್ಬನೇ,” ಎಂದಿದ್ದಳು. ಎಲ್ಲರೂ ಅಳಿಯನ ಕಡೆ ತಿರುಗಿದ್ದರು. ಮೈಕ್‌ಸೆಟ್ ಅಂಗಡಿ ಇಟ್ಟಿದ್ದವನು; ಮಾವ ಜೀವವಿದ್ದಾಗ ದಿನಕ್ಕೊಂದು ಸಲ ‘ಏನಯ್ಯಾ ಮೈಕ್‌ಸೆಟ್ಟು’ ಎಂದು ಅವನನ್ನು ಹಂಗಿಸುತ್ತಿದ್ದರು. ಅವನು ತಲೆ ತಗ್ಗಿಸಿ ತನ್ನ ಕಾಲ್ಬೆರಳು ನೋಡಿಕೊಂಡ. ತಗ್ಗಿದ ಆ ತಲೆಯನ್ನೇ ಅವಳು ಸಾಕ್ಷಿ ಎಂದುಕೊಂಡಿದ್ದಳು. ಈಗ ನೆನೆದರೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

“ಹಾಗಾದ್ರೆ ಮೇಷ್ಟ್ರು ಸತ್ತಿದ್ದು ಹೇಗೆ ಮೇಡಂ?” ಹೆಡ್ಡು ಕೇಳಿದ.

“ಎಡಗೈ ಪೆಟ್ಟಿಗೆ ಮೇಲಿತ್ತು. ಅದಕ್ಕೆ ಗಟ್ಟಿಯಾದ ಅರ್ತ್ ಇತ್ತು. ಬಲಗೈ ಕರೆಂಟಿರೋ ಇನ್ಯಾವುದನ್ನೋ ಮುಟ್ಟಿತು. ಬಲಗೈಯಿಂದ ಹೊಕ್ಕು, ಎದೆ ದಾಟಿ, ಎಡಗೈಯಿಂದ ನೆಲಕ್ಕೆ ಹೋಯ್ತು. ಆ ಇನ್ನೊಂದು ವಸ್ತು ಯಾವುದು ಅಂತ ಗೊತ್ತಾಗಬೇಕು. ನಡೀರಿ, ಮೇಷ್ಟ್ರ ಮನೆಗೆ.”

ಮೆಟ್ಟಿಲು ಹತ್ತುವಾಗ ಅವಳು ಮಾತು ಜೋಡಿಸಿಕೊಂಡಳು. ‘ನನ್ನಿಂದ ದೊಡ್ಡ ತಪ್ಪಾಯ್ತಮ್ಮ’ ಎಂದು ಶುರು ಮಾಡುವುದು. ಆಮೇಲೆ ಉಳಿದದ್ದು ತಾನಾಗಿ ಬರುತ್ತದೆ.

ಬಾಗಿಲು ತೆರೆದ ಮೇಷ್ಟ್ರ ಮಗಳ ಮುಖ ನೋಡುತ್ತಲೇ ಜೋಡಿಸಿದ್ದೆಲ್ಲ ಕಲಸಿಹೋಯಿತು. ವಾರದಲ್ಲಿ ಅವಳು ಅರ್ಧಕ್ಕಿಳಿದಿದ್ದಳು. ಅಪ್ಪ ಹೋದರು, ಗಂಡ ಒಳಗೆ. ಮೂವರಿದ್ದ ಮನೆಯಲ್ಲಿ ಒಬ್ಬಳೇ.

“ಹೇಳೋದೆಲ್ಲ ಆವತ್ತೇ ಎಲ್ಲರೆದುರೂ ಹೇಳಿ ಆಯ್ತಲ್ಲ. ಇನ್ನೇನು ಬಾಕಿ ಇದೆ ಮೇಡಂ?”

“ಒಂದು ಸಲ ಆ ಕೋಣೆ ನೋಡ್ಬೇಕಿತ್ತಮ್ಮ.”

“ನೋಡ್ಕೊಳ್ಳಿ. ಬೇಡ ಅಂದ್ರೆ ಕೇಳೋರು ಯಾರು?”

ಮೇಷ್ಟ್ರ ಕೆಲಸದ ಕೋಣೆ ಕಿರಿದಾಗಿತ್ತು. ಕಿಟಕಿಗೆ ಎದುರಾಗಿ ಉದ್ದನೆಯ ಮೇಜು, ಡಬ್ಬಿಗಳಲ್ಲಿ ಸ್ಕ್ರೂಗಳು, ಗೋಡೆಯ ಮೊಳೆಗೆ ತೂಗುಹಾಕಿದ ವಯರಿನ ಸುರುಳಿಗಳು. ಗೋಡೆಯ ಬೋರ್ಡಿನಲ್ಲಿ ಹಸಿರು ವಯರು ಸಿಕ್ಕಿಸಿದ್ದ ತೂತು ಖಾಲಿಯಾಗಿತ್ತು. ಪೆಟ್ಟಿಗೆಗಳಿದ್ದ ಕಡೆ ಧೂಳಿರಲಿಲ್ಲ. ಅದು ಸರಿ, ಎರಡನ್ನೂ ಪೊಲೀಸರೇ ಒಯ್ದಿದ್ದರು.

ಮೇಜಿನ ಬಲ ಅಂಚಿನಲ್ಲೂ ಅಂಗೈಯಗಲ ಜಾಗ ಧೂಳಿಲ್ಲದೆ ನುಣ್ಣಗಿತ್ತು. ಬಗ್ಗಿ ನೋಡಿದಳು. ಅಂಚಿನ ಮೇಲೂ ಕೆಳಗೂ ಮರಕ್ಕೆ ಕಚ್ಚಿದ ಗುರುತು. ಬಹಳ ದಿನ ಏನನ್ನೋ ಅಲ್ಲಿ ತಿರುಪು ಹಾಕಿ ಬಿಗಿದಿದ್ದರು. ಈಗ ಇರಲಿಲ್ಲ.

“ಇಲ್ಲಿ ಏನಿತ್ತಮ್ಮ?”

“ಎಲ್ಲಿ?”

“ಈ ಅಂಚಲ್ಲಿ.”

“ಏನೂ ಇರ್ಲಿಲ್ಲ.”

ಉತ್ತರ ತುಸು ಬೇಗನೇ ಬಂದಿತ್ತು. ಮಗಳು ತನ್ನ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ವಾರದ ಹಿಂದಿನ ಇನ್‌ಸ್ಪೆಕ್ಟರಮ್ಮನಾಗಿದ್ದರೆ ಅಲ್ಲೇ ಹಿಡಿದು ನಿಲ್ಲಿಸಿ, ಕಪಾಟು ತೆಗೆಸಿ, ಮಂಚದ ಕೆಳಗೆ ಬಗ್ಗಿಸಿ, ಮನೆ ತಲೆಕೆಳಗು ಮಾಡುತ್ತಿದ್ದಳು. ಇವತ್ತು ನಾಲಿಗೆ ಏಳಲಿಲ್ಲ. ತನ್ನಿಂದಲೇ ಗಂಡ ಜೈಲು ಕಂಬಿ ಎಣಿಸುತ್ತಿರುವ ಹೆಂಗಸನ್ನು, ನೀನು ಸುಳ್ಳು ಹೇಳ್ತಿದೀಯ ಅನ್ನುವುದು ಯಾವ ಮುಖ ಇಟ್ಟುಕೊಂಡು? ಒಂದು ಮನೆಯ ಒಬ್ಬನತ್ತ ಬೆರಳು ತೋರಿಸಿ ಆಗಿತ್ತು. ಅದೇ ಮನೆಯಲ್ಲಿ ಇನ್ನೊಂದು ಸಲ ಬೆರಳೆತ್ತಲು ಅವಳಿಗೆ ಧೈರ್ಯ ಬರಲಿಲ್ಲ.

“ನಿಮ್ಮ ಯಜಮಾನರು ನಿರಪರಾಧಿ ಅಂತ ಗೊತ್ತಾಗಿದೆ,” ಎಂದಳು. ಎಷ್ಟೋ ದೊಡ್ಡದಾಗಿ ಹೇಳಬೇಕೆಂದಿದ್ದ ಮಾತು ಪುಸಕ್ಕನೆ ಹೊರಬಿತ್ತು. “ಇವತ್ತೇ ವರದಿ ವಾಪಸ್ ತಗೋತೀನಿ. ಅವರನ್ನ ಬಿಡಿಸ್ತೀನಿ. ಆ ಪೆಟ್ಟಿಗೆಯಿಂದ ನಿಮ್ಮಪ್ಪ ಹೋಗಿಲ್ಲ.”

ಮಗಳು ಅಳಲಿಲ್ಲ, ನಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಹಾಗಾದ್ರೆ ಮತ್ತೆ ಯಾರನ್ನ ಹಿಡೀತೀರಿ?”

ಹಂಗಿಸುತ್ತಿದ್ದಾಳೆ ಎಂದುಕೊಂಡಳು ಇನ್‌ಸ್ಪೆಕ್ಟರಮ್ಮ. ಹಂಗಿಸಲಿ, ನನಗೆ ಬೇಕು ಇದು ಎಂದುಕೊಂಡು ತಲೆ ತಗ್ಗಿಸಿ ಮೆಟ್ಟಿಲಿಳಿದಳು. ಕ್ಷಮೆ ಕೇಳುವ ಮಾತು ಬಾಯಲ್ಲೇ ಉಳಿಯಿತು.

ಕೆಳಗೆ ನರ್ಸಮ್ಮನ ಬಾಗಿಲು ಮುಚ್ಚಿತ್ತು. ಅದನ್ನು ದಾಟುವಾಗ ಇನ್‌ಸ್ಪೆಕ್ಟರಮ್ಮನಿಗೆ ಒಂದು ವಿಷಯ ಹೊಳೆಯಿತು. ನರ್ಸಮ್ಮ ಮೇಲೆ ಬಂದು ಮೇಷ್ಟ್ರನ್ನು ತಬ್ಬಿದಾಗ ಅವಳಿಗೆ ಏನೂ ಆಗಲಿಲ್ಲ. ಅಂದರೆ ಅಷ್ಟರಲ್ಲೇ ಆ ಇನ್ನೊಂದು ವಸ್ತುವಿನ ಪ್ಲಗ್ಗನ್ನು ಯಾರೋ ಎಳೆದಿದ್ದರು. ಅಳಿಯ ಬೆಳಗ್ಗೆಯೇ ಅಂಗಡಿಗೆ ಹೋಗಿದ್ದ. ಮನೆಯಲ್ಲಿದ್ದವಳು ಮಗಳೊಬ್ಬಳೇ.

ತಲೆ ಕೊಡವಿಕೊಂಡಳು. ಆತುರ ಬೇಡ. ಆತುರದಿಂದ ಆದದ್ದು ಸಾಕು. ಮೊದಲು ಒಳಗಿರುವವನು ಹೊರಗೆ ಬರಲಿ.

ಲಾಕಪ್ಪಿನ ಮುಂದೆ ಹೆಡ್ಡು ಬೀಗ ತೆಗೆದು, ಕಂಬಿ ಬಾಗಿಲು ಅರ್ಧ ತೆರೆದಿಟ್ಟ. “ಸಾಹೇಬ್ರು ಬಂದು ಸಹಿ ಹಾಕಿದ್ರೆ ಮುಗೀತಪ್ಪಾ ಮೈಕ್‌ಸೆಟ್ಟು. ಆಮೇಲೆ ಮನೆಗೆ ಹೋಗಿ ಚೆನ್ನಾಗಿ ಸ್ನಾನ ಮಾಡು, ವಾಸನೆ ತಡೆಯೋಕಾಗ್ತಿಲ್ಲ,” ಎಂದು ಹೇಳಿ ಮುಂದಿನ ಕೋಣೆಗೆ ಹೋದ.

ಅಳಿಯ ಗೋಡೆಗೊರಗಿ ಕೂತಿದ್ದ. ಇವಳನ್ನು ನೋಡಿ ಎದ್ದುನಿಂತ. ಈ ಮರ್ಯಾದೆ ಅವಳಿಗೆ ಇನ್ನಷ್ಟು ಚುಚ್ಚಿತು.

“ಕೂತ್ಕೊಳ್ಳಿ. ನಾನೇ ನಿಲ್ಲಬೇಕಾದೋಳು.” ಕಂಬಿಯ ಹತ್ತಿರ ಬಂದಳು. “ನನ್ನಿಂದ ತಪ್ಪಾಯ್ತು. ನಾಲ್ಕು ಜನರೆದುರು ನಿಮ್ಮ ಮರ್ಯಾದೆ ತೆಗೆದೆ. ಪೆಟ್ಟಿಗೆ ಸರಿಯಾಗಿ ನೋಡದೇನೇ ನಿಮ್ಮನ್ನ ಕೊಲೆಗಾರ ಅಂದೆ. ನನಗೆ ತುಂಬಾ ನಾಚಿಕೆ ಆಗ್ತಿದೆ.”

ಅವನ ಕಣ್ಣು ಒದ್ದೆಯಾಯಿತು.

“ಅರ್ತ್ ಕತ್ತರಿಸಿದ್ದು ಮೇಷ್ಟ್ರೇ. ವಾಪಸ್ ಕೊಟ್ಟಿದ್ದು ನೀವು. ಆವತ್ತು ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ?”

“ಏನಂತ ಹೇಳ್ಲಿ ಮೇಡಂ?” ಅವನು ಮೂಗೊರೆಸಿಕೊಂಡ. “ಜೀವಮಾನವೆಲ್ಲ ಮಕ್ಕಳಿಗೆ ಸೈನ್ಸ್ ಹೇಳಿಕೊಟ್ಟ ಮೇಷ್ಟ್ರು ಗುಂಯ್ ಅನ್ನೋ ಸದ್ದಿಗೆ ಬೇಸತ್ತು ಅರ್ತ್ ಕಿತ್ರು ಅಂತ, ಅವರ ಶಿಷ್ಯರೆಲ್ಲ ಕೂತಿದ್ದ ಕಡೆ ಹೇಳ್ಲಾ? ಅವರಿಗೆ ಗೊತ್ತಿರ್ಲಿಲ್ಲ ಅಂತಲ್ಲ. ನಾವೂ ಮಾಡ್ತೀವಿ. ಸಭೇಲಿ ಮೈಕು ಗುಂಯ್ ಅಂತು ಅಂದ್ರೆ ಜನ ಕೂಗಾಡ್ತಾರೆ, ನಾನೂ ಎಷ್ಟೋ ಸಲ ಕಿತ್ತು ಹಾಕಿದೀನಿ. ಅವರು ಹೋದ ದಿನ ಬೆಳಗ್ಗೆ ಮಾವನ ಪ್ಲಗ್ಗು ಬಿಚ್ಚಿ ನೋಡಿದಾಗ ಇಬ್ಬರಿಗೂ ನಾಚಿಕೆ ಆಯ್ತು. ಅವರು ಕಿಟಕಿ ಕಡೆ ತಿರುಗಿ, ‘ಯಾರಿಗೂ ಹೇಳ್ಬೇಡಯ್ಯಾ’ ಅಂದ್ರು. ಅದೇ ಅವರು ನನ್ನ ಹತ್ರ ಆಡಿದ ಕೊನೇ ಮಾತು. ಮೈಕ್‌ಸೆಟ್ಟು ಅಂತ ಕರೀದೇ ಆಡಿದ್ದು ಅದೊಂದೇ.”

ಆ ಒಂದು ಮಾತಿಗೆ ಕಟ್ಟುಬಿದ್ದು ಇವನು ತಲೆ ತಗ್ಗಿಸಿ ಕೂತಿದ್ದ.

“ಗುಂಯ್ ಅಂದ್ರೂ ಪರವಾಗಿಲ್ಲ ಅಂತ ಮತ್ತೆ ಅರ್ತ್ ಕೊಟ್ರಲ್ಲ, ಯಾಕೆ?”

“ಸಂಜೆ ಹೊಸ ವಯರು ತಂದು ಸದ್ದಿಲ್ಲದ ಹಾಗೆ ಸರಿಮಾಡೋಣ ಅಂತಿದ್ದೆ. ಅಲ್ಲೀವರೆಗೆ ಹಾಗೇ ಬಿಡೋಕೆ ಮನಸ್ಸಾಗ್ಲಿಲ್ಲ. ನಮ್ಮವಳು ದಿನಾ ಒದ್ದೆ ಬಟ್ಟೇಲಿ ಆ ಪೆಟ್ಟಿಗೆ ಒರೆಸ್ತಾಳೆ. ಬೇಡ ಅಂದ್ರೆ ಕೇಳೋ ಪೈಕಿ ಅಲ್ಲ.” ಅವನ ಮುಖ ಈ ವಾರದಲ್ಲಿ ಮೊದಲ ಸಲ ಅರಳಿತು. “ಧೈರ್ಯ ಜಾಸ್ತಿ ಅವಳಿಗೆ. ಹಿಂದಿನ ದಿನ ಮಾವನ ಮೇಜಿನ ದೀಪದ ವಯರು ಸವೆದಿತ್ತು. ನಾನು ಬರೋವರೆಗೆ ಯಾಕೆ ಕಾಯ್ಬೇಕು ಅಂತ ತಾನೇ ಬಿಚ್ಚಿ ಹೊಸ ವಯರು ಹಾಕಿದ್ಳಂತೆ. ಮೈಕ್‌ಸೆಟ್ ಹೆಂಡತಿ ಅಂದ್ಮೇಲೆ ಅಷ್ಟೂ ಬರ್ದಿದ್ರೆ ಹೇಗೆ ಅಂತ ನಗಾಡ್ತಿದ್ಳು.”

“ಯಾವ ದೀಪ?”

“ಮೇಜಿನ ಅಂಚಿಗೆ ತಿರುಪು ಹಾಕಿ ಬಿಗಿದಿರೋದು. ತಗಡಿಂದು, ಕತ್ತು ಬಗ್ಗುತ್ತೆ. ನಾನು ಬೆಳಗ್ಗೆ ಅದನ್ನ ಹಚ್ಚಲಿಲ್ಲ, ಬೆಳಕಿತ್ತು. ಮಾವನಿಗೆ ಕಣ್ಣು ಸಾಲದು. ಹಗಲಲ್ಲೂ ಬಲಗೈಯಲ್ಲಿ ಎಳೆದು ಬಗ್ಗಿಸ್ಕೊಂಡೇ ನೋಡೋದು.”

ಇನ್‌ಸ್ಪೆಕ್ಟರಮ್ಮನ ಬಾಯಿಂದ ಮಾತು ಜಾರಿಹೋಯಿತು.

“ಮೇಜಿನ ಮೇಲೆ ದೀಪ ಇಲ್ಲವಲ್ಲ. ಅಲ್ಲಿ ಏನೂ ಇರ್ಲಿಲ್ಲ ಅಂದ್ರಲ್ಲ ನಿಮ್ಮ ಹೆಂಡತಿ.”

ಅವನ ನಗು ಮುಖದಲ್ಲೇ ನಿಂತಿತು. ಕಣ್ಣು ಅವಳನ್ನು ಬಿಟ್ಟು ಗೋಡೆಯ ಕಡೆ ಹೋಯಿತು. ಅವನು ಲೆಕ್ಕ ಹಾಕುವುದು ಅವಳಿಗೆ ಕಾಣುತ್ತಿತ್ತು. ತಗಡಿನ ದೀಪ, ಆ ತಗಡಿಗೆ ತಾಗುವ ಹಾಗೆ ಹೆಂಡತಿ ಹಾಕಿದ ಹೊಸ ವಯರು, ಮಾವನ ಬಲಗೈ. ಎಡಗೈಯ ಕೆಳಗಿನ ಪೆಟ್ಟಿಗೆಗೆ ಗಟ್ಟಿಯಾದ ಅರ್ತ್ ಕೊಟ್ಟವನು ತಾನು. ಹೆಂಡತಿಯ ಜೀವ ಉಳಿಯಲಿ ಎಂದು ಕೊಟ್ಟ ಅರ್ತ್.

ಅವನು ನಿಧಾನವಾಗಿ ಮುಂದೆ ಬಂದು, ಅರ್ಧ ತೆರೆದಿದ್ದ ಕಂಬಿ ಬಾಗಿಲನ್ನು ಒಳಗಿನಿಂದ ತಾನೇ ಎಳೆದು ಮುಚ್ಚಿಕೊಂಡ.

“ಆ ದೀಪಕ್ಕೆ ವಯರು ಹಾಕಿದ್ದು ನಾನು ಮೇಡಂ.”

“ಈಗ ತಾನೇ ನಿಮ್ಮ ಹೆಂಡತಿ ಹಾಕಿದ್ರು ಅಂದ್ರಿ!”

“ಸುಳ್ಳು ಹೇಳ್ದೆ. ನಾನೇ ಹಾಕಿದ್ದು. ಬೇಕು ಅಂತ ತಪ್ಪಾಗಿ ಹಾಕಿದೆ. ದಿನಾ ಹಂಗಿಸ್ತಿದ್ರು, ಸಿಟ್ಟಿತ್ತು, ಕೊಂದೆ. ಬರ್ಕೊಳ್ಳಿ.”

“ಹುಚ್ಚರ ಹಾಗೆ ಮಾತಾಡ್ಬೇಡಿ! ನಿಮ್ಮನ್ನ ಬಿಡಿಸೋಕೆ ಬಂದಿದೀನಿ ನಾನು.”

“ಬೇಡ. ನಿಮ್ಮ ಹಳೇ ವರದೀನೇ ಇರ್ಲಿ.” ಅವನು ಕಂಬಿಗೆ ಹಣೆ ಒತ್ತಿ, ಗುಟ್ಟು ಹೇಳುವ ಹಾಗೆ ದನಿ ತಗ್ಗಿಸಿದ. “ಪೆಟ್ಟಿಗೆ, ಅರ್ತ್, ನಾನು. ಅಷ್ಟೇ. ದೀಪದ ಸುದ್ದೀನೇ ಬೇಡ. ನೀವು ತಪ್ಪು ಮಾಡಿದ್ರಿ ಅಂತ ಯಾರಿಗೂ ಗೊತ್ತಾಗಲ್ಲ. ನಿಮ್ಮ ಮರ್ಯಾದೇನೂ ಉಳಿಯುತ್ತೆ.”

ಒಂದು ಕ್ಷಣ, ಒಂದೇ ಒಂದು ಕ್ಷಣ, ಇನ್‌ಸ್ಪೆಕ್ಟರಮ್ಮನಿಗೆ ಹಾಯೆನಿಸಿತು. ಟವೆಲ್ಲು, ವಯರು, ಮಿಣುಕಿದ ಟೆಸ್ಟರು, ಎಲ್ಲ ಮುಚ್ಚಿಹೋಗುತ್ತದೆ. ಹಾಗೆ ಹಾಯೆನಿಸಿದ್ದು ಗೊತ್ತಾದ ಕೂಡಲೇ, ಇಡೀ ವಾರದ ನಾಚಿಕೆ ಇದರ ಮುಂದೆ ಏನೂ ಅಲ್ಲ ಎನಿಸಿ ಅವಳು ಮುಖ ಮುಚ್ಚಿಕೊಂಡಳು.

ಮುಂದಿನ ಕೋಣೆಯಿಂದ ಹೆಡ್ಡಿನ ದನಿ ಬಂತು.

“ಮೇಡಂ, ಮೇಷ್ಟ್ರ ಮಗಳು ಬಂದಿದಾರೆ. ಕೈಯಲ್ಲಿ ಏನೋ ಬಟ್ಟೇಲಿ ಸುತ್ತಿಕೊಂಡಿದಾರೆ, ಒಂದು ವಯರು ಇಳಿಬಿದ್ದಿದೆ. ನಿಮಗೇ ಕೊಡ್ಬೇಕಂತೆ.”

ಕಂಬಿಯೊಳಗಿನಿಂದ ಒಂದು ಕೈ ಬಂದು ಇನ್‌ಸ್ಪೆಕ್ಟರಮ್ಮನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು.

“ಅವಳು ಒಳಗೆ ಬರೋ ಮುಂಚೆ ಬರ್ಕೊಳ್ಳಿ ಮೇಡಂ.”